ಮುಟ್ಟಿದ ಗುರುತು

ಹುಮನಾಬಾದಿನ ಶಿಕ್ಷಕರ ತರಬೇತಿ ಸಭಾಂಗಣದಲ್ಲಿ ಗೋಡೆಯ ಪಕ್ಕದ ಕುರ್ಚಿ ಹಿಡಿದು ಕೂತಿದ್ದ ಮನೀಷಾಳಿಗೆ, ಬಸವಕಲ್ಯಾಣದ ತನ್ನ ಮನೆಯಲ್ಲಿ ತನ್ನದೇ ಒಂದು ಮಾತು ಬೆಳಗಿನಿಂದ ತಾನೇ ತಾನಾಗಿ ಕೂಗುತ್ತಿದೆ ಎಂಬುದು ಗೊತ್ತಾದದ್ದು ಊಟಕ್ಕೆ ಬಿಡುವ ಹೊತ್ತಿಗೆ. ಚಿಟಗುಪ್ಪದ ಸಂಘಪಾಲ ಸರ್ ಫೋನು ಮಾಡಿದ್ದರು. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಊರ ನೀರಿನ ಟಾಕಿಯ ಮೇಲೆ ಒಂದು ಪೆಟ್ಟಿಗೆ ಕೂರಿಸಿ, ಸುತ್ತಲ ಊರುಗಳ ಹವ್ಯಾಸಿ ರೇಡಿಯೋದವರು ಟೈಪು ಮಾಡಿ ಕಳಿಸುವ ಚಿಕ್ಕ ಚಿಕ್ಕ ಸಂದೇಶಗಳನ್ನು ಅತ್ತಿಂದಿತ್ತ ದಾಟಿಸುವವರೂ ಅವರೇ.

"ಮೇಡಂ, ಮನ್ಯಾಗ ಮಷೀನ್ ಚಾಲೂ ಬಿಟ್ಟು ಬಂದೀರೇನ್ರಿ?"

"ಹೌದ್ರಿ ಸರ್. ಯಾಕ್ರಿ?"

"ಮುಂಜಾನಿಂದ ಒಂದೇ ಮೆಸೇಜ್ ಬರಾಕತ್ತದ್ರಿ. ಬಸವಣಪ್ಪ ಗುರುಗಳ ಹೆಸರಿಗೆ. ಅವರ ಕಡಿಂದ ಮುಟ್ಟಿದ ಗುರುತು ಬರವಲ್ದು, ನಿಮ್ಮ ಮಷೀನು ಬಿಡವಲ್ದು. ನಮ್ಮ ಟಾಕಿ ಮ್ಯಾಲಿನ ಪೆಟಿಗಿ ಪರೇಶಾನ್ ಆಗಿ ಕುಂತದ." ಸಂಘಪಾಲ ಸರ್ ನಕ್ಕರು. ನಗು ಮುಗಿದ ಮೇಲೆ, "ಏನ್ ಬರದೀರಿ ಅಂತ ನಾ ನೋಡಿಲ್ರಿ ಮತ್ತ" ಎಂದರು.

ನೋಡದವರು ಆ ಮಾತು ಹೇಳುವುದಿಲ್ಲ. ಮನೀಷಾ ಹೂಂ ಎಂದಳು. ಥ್ಯಾಂಕ್ಸ್ ಎಂದಳು. ಫೋನು ಇಟ್ಟಳು. ವೇದಿಕೆಯ ಮೇಲೆ ಯಾರೋ ಮಕ್ಕಳಿಗೆ ಗುಂಪು ಚಟುವಟಿಕೆ ಮಾಡಿಸುವ ಬಗೆ ಹೇಳುತ್ತಿದ್ದರು. ಪಕ್ಕದ ಟೀಚರು ಊಟದ ಡಬ್ಬಿಯ ಮುಚ್ಚಳ ಸಡಿಲಿಸಿ ಮತ್ತೆ ಬಿಗಿಮಾಡಿದಳು. ಸಭಾಂಗಣದ ತುಂಬ ಇರುವ ಹೆಂಗಸರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿ ಮನೀಷಾ ಸೆರಗು ಸರಿಮಾಡಿಕೊಂಡಳು. ಯಾರೂ ನೋಡುತ್ತಿರಲಿಲ್ಲ. ನೋಡುವವರು ಬೇರೆ ಕಡೆ ಇದ್ದರು. ಬೀದರಿನಲ್ಲಿ, ಚಿಟಗುಪ್ಪದಲ್ಲಿ, ಕಲಬುರಗಿಯ ದಾರಿಯ ಯಾವುದೋ ಊರಿನಲ್ಲಿ, ರೇಡಿಯೋಗೆ ಕಂಪ್ಯೂಟರ್ ಪರದೆ ಜೋಡಿಸಿಕೊಂಡು ಕೂತ ನಾಲ್ಕಾರು ಗಂಡಸರು. ಅವರೆದುರು ಅವಳ ಹೆಸರು, ಅದರ ಮುಂದೆ ಅವಳ ಮಾತು, ಮತ್ತೆ ಅವಳ ಹೆಸರು, ಮತ್ತೆ ಅದೇ ಮಾತು.

ನೀವು ಇಲ್ಲಾಂದ್ರ ನನಗ ಸಂಜಿ ಸರಿಯವಲ್ದು.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದು. ಆ ದಾರಿಯಲ್ಲಿ ಕನ್ನಡ ಅಕ್ಷರ ಹೋಗುವುದಿಲ್ಲ, ಉದ್ದ ಮಾತೂ ಹೋಗುವುದಿಲ್ಲ. ಒಂದು ಸಾಲು, ಅಷ್ಟೇ. ಬೆಳಿಗ್ಗೆ ಬಸ್ಸಿಗೆ ಹೊತ್ತಾಗುತ್ತಿದೆ ಎಂದು ನಿಂತೇ ಟೈಪು ಮಾಡಿದ್ದಳು, ಒಂದು ಕೈಯಲ್ಲಿ ಬಾಚಣಿಗೆ ಇತ್ತು. ತನಗೆ ರೇಡಿಯೋದ ದಾರಿ ತೋರಿಸಿದ ಹುಮನಾಬಾದಿನ ಬಸವಣಪ್ಪ ಗುರುಗಳ ಕಡೆಯಿಂದ ಸುದ್ದಿ ನಿಂತು ಕೆಲವು ದಿನಗಳಾಗಿದ್ದವು, ಅವರೇ ಮೊದಲು ಬರೆಯಲಿ ಎಂದು ಅವಳೂ ಬರೆದಿರಲಿಲ್ಲ. ಹುಷಾರದೀರಾ ಎಂದು ಕೇಳಬೇಕೆಂದೇ ಹೊರಟದ್ದು. ಬೆರಳು ಯಾಕೆ ಆ ಮಾತಿನ ಕಡೆ ತಿರುಗಿತು? ಬರೆದು ಮುಗಿದ ಮೇಲೆ ಓದಿಕೊಂಡಳೇ, ಇಲ್ಲವೇ? ಓದಿಕೊಂಡಿದ್ದಳು. ಓದಿ, ಬಾಚಣಿಗೆ ಕೆಳಗಿಟ್ಟು, ಗುಂಡಿ ಒತ್ತಿದ್ದಳು. ಹೊಸ ಅರಿವೆ ಹರಿದಂತೆ ಜರ್ರ್ ಎಂದಿತ್ತು ರೇಡಿಯೋ. ಆ ಸದ್ದಿನಲ್ಲಿ ಅವಳ ಮಾತು ಮನೆಯಿಂದ ಹೊರಬಿದ್ದಿತ್ತು.

ಮುಟ್ಟಿದರೆ ಎದುರಿನ ಮಷೀನು ಮುಟ್ಟಿತು ಎಂದು ತಾನೇ ಗುರುತು ಕಳಿಸುತ್ತದೆ. ಮನುಷ್ಯ ಮಲಗಿದ್ದರೂ, ಊರಲ್ಲಿ ಇಲ್ಲದಿದ್ದರೂ. ಗುರುತು ಬರದಿದ್ದರೆ ಈ ಕಡೆಯ ಮಷೀನು ಸ್ವಲ್ಪ ಹೊತ್ತು ತಡೆದು ಮತ್ತೆ ಕಳಿಸುತ್ತದೆ. ಕೆಲವು ಸಲ ನೋಡಿ ಕೈಬಿಡಬೇಕು, ಅದು ಕ್ರಮ. ಆದರೆ ಹೋದ ಮಳೆಗಾಲದಲ್ಲಿ ಹುಮನಾಬಾದಿನ ಕರೆಂಟು ಹೋಗಿ ಹೋಗಿ ಬರುತ್ತಿದ್ದಾಗ, ಕಳಿಸಿದ್ದು ಮುಟ್ಟದೆ ಸಂಜೆಗಳು ಹಾಳಾಗುತ್ತಿವೆ ಎಂದು, ಮುಟ್ಟುವ ತನಕ ಬಿಡಬೇಡ ಎಂಬ ಚೌಕದಲ್ಲಿ ಅವಳೇ ಗೀಟು ಹಾಕಿದ್ದಳು. ಆಮೇಲೆ ಮರೆತಿದ್ದಳು. ಬಿಡಬೇಡ ಎಂದು ಹೇಳಿದ್ದನ್ನು ಅದು ಬಿಟ್ಟಿರಲಿಲ್ಲ.

ಊಟದ ಸಾಲಿನಲ್ಲಿ ನಿಲ್ಲದೆ ಮನೀಷಾ ಹೊರಗೆ ಬೇವಿನ ಗಿಡದ ಕೆಳಗೆ ಬಂದು ನಿಂತಳು. ಗಂಡನಿಗೆ ಒಂದು ಫೋನು ಮಾಡಿದರೆ ಮುಗಿಯಿತು. ಅಶೋಕಕುಮಾರ ಪಂಪ್‌ಸೆಟ್ಟಿನ ಅಂಗಡಿಯಿಂದ ಊಟಕ್ಕೆ ಮನೆಗೆ ಬಂದು, ಉಂಡ ಮೇಲೆ ಗಾಳಿಯಿದೆ ಎಂದು ಆ ರೇಡಿಯೋ ಇಟ್ಟ ಮಾಳಿಗೆ ಕೋಣೆಗೇ ಹತ್ತಿ ಕಣ್ಣು ಮುಚ್ಚುತ್ತಾನೆ. ರೀ, ಜರಾ ಆ ಸ್ವಿಚ್ ಆರಿಸಿಬಿಡ್ರಿ. ಅಷ್ಟು ಹೇಳಲು ಏನು ಕಷ್ಟ? ಆದರೆ ಹೇಳಿದರೆ ಅವನು ಪರದೆಯ ಕಡೆ ತಿರುಗುತ್ತಾನೆ. ಹೇಳದಿದ್ದರೆ ತಿರುಗದೆಯೂ ಇರಬಹುದು. ಆ ಸದ್ದು ಅವನಿಗೆ ರೂಢಿ. ಬಂದವರ ಮುಂದೆ, "ನಮ್ಮಕಿ ವಾಯರ್‌ಲೆಸ್ ಬಾಯಿ. ಮ್ಯಾಲ ಕುಂತು ದಿನಾ ಸಂಜಿಕೆ ಅರಿವಿ ಹರೀತಾಳ" ಎಂದು ಚೇಷ್ಟೆ ಮಾಡುತ್ತಾನೆ. ಅವಳೂ ನಗುತ್ತಾಳೆ. ಕರೆಂಟು ಹೋದಾಗ ಅವಳ ಮಷೀನು ನಿಲ್ಲಬಾರದೆಂದು ಇನ್ವರ್ಟರಿನ ವಾಯರು ಮಾಳಿಗೆಯ ತನಕ ಎಳೆಸಿಕೊಟ್ಟವನೂ ಅವನೇ. ಆ ದಿನ ಗೋಡೆಗೆ ಮೊಳೆ ಹೊಡೆಯುವಾಗ ಬೆರಳು ಜಜ್ಜಿಕೊಂಡಿದ್ದ. ಈಗ ಊರಿಗೆ ಊರೇ ಕರೆಂಟು ಕಳೆದುಕೊಂಡರೂ ಅದು ನಿಲ್ಲುವುದಿಲ್ಲ. ಒಳ್ಳೆಯವನು. ಒಳ್ಳೆಯವನೆಂದು ನೆನೆದಾಗ ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಗುರುಗಳಿಗೇ ಫೋನು ಮಾಡಬಹುದಿತ್ತು. ನಂಬರಿತ್ತು. ಇಷ್ಟು ವರ್ಷ ಒಮ್ಮೆಯೂ ಮಾಡಿರಲಿಲ್ಲ, ಅವರೂ ಮಾಡಿರಲಿಲ್ಲ. ಫೋನೆಂದರೆ ಇಬ್ಬರ ನಡುವಿನ ಗುಟ್ಟು, ಅದು ಸರಿಯಲ್ಲ ಎಂದು ಯಾರೂ ಹೇಳದೆಯೇ ಇಬ್ಬರಿಗೂ ಗೊತ್ತಿತ್ತು. ರೇಡಿಯೋದಲ್ಲಿ ಎಲ್ಲವೂ ಬಯಲು. ಯಾರು ಬೇಕಾದರೂ ಓದಬಹುದು. ಎಲ್ಲರೂ ಓದಬಹುದಾದ್ದರಿಂದ ಏನು ಬರೆದರೂ ಅದರಲ್ಲಿ ತಪ್ಪಿಲ್ಲ ಎಂಬ ಧೈರ್ಯದ ಮೇಲೆ ಅವಳು ಸಂಜೆ ಸಂಜೆ ಬರೆದಿದ್ದಳು. ಇಲ್ಲಿ ಮೋಡ ಆಗ್ಯದ. ತೊಗರಿ ಹೂವಾಗ್ಯದ. ಇವತ್ತು ಸಾಲ್ಯಾಗ ಒಬ್ಬಾಕಿ ಹುಡುಗಿ ಚುಂಬಕ ನುಂಗಿದ್ಲು. ಆ ಕಡೆಯಿಂದ: ಹೊರಗ ಬಂತೇನು? ಬಂತು. ದಕ್ಷಿಣಕ್ಕ ಮಾರಿ ಮಾಡಿ ಬಂತೋ ಉತ್ತರಕ್ಕೋ? ಒಬ್ಬಳೇ ಮಾಳಿಗೆಯಲ್ಲಿ ಕೂತು ಅವಳು ಗಟ್ಟಿಯಾಗಿ ನಕ್ಕಿದ್ದಳು. ಬಯಲಲ್ಲಿ ನಿಂತು ಮಾತಾಡುತ್ತಿದ್ದೇನೆ ಎಂಬುದು ಯಾವಾಗ ಮರೆತುಹೋಯಿತು? ಅಥವಾ ಮರೆತಿರಲಿಲ್ಲವೇ? ಎಲ್ಲರೂ ಓದಲಿ ಎಂದೇ ಬರೆದೆನೇ?

ಗುರುಗಳ ಮಷೀನು ಒಂದು ಸಲ ಮುಟ್ಟಿತು ಎಂದರೆ ಸಾಕು, ತನ್ನದು ನಿಲ್ಲುತ್ತದೆ. ಅವರ ಮನೆ ಇದೇ ಊರಿನಲ್ಲಿ, ವೀರಭದ್ರ ದೇವರ ಗುಡಿಯ ಆಚೆ ಓಣಿಯಲ್ಲಿ ಎಂದು ಕೇಳಿದ್ದಳು. ಅವರಿಗೆ ಏನಾದರೂ ಆಗಿದ್ದರೆ? ಫೋನು ಬಂದಾಗಿನಿಂದ ಈ ಪ್ರಶ್ನೆ ತನಗೆ ಬಂದಿರಲಿಲ್ಲ ಎಂಬುದು ನಡೆಯತೊಡಗಿದ ಮೇಲೆ ಹೊಳೆದು ಮನೀಷಾ ನಿಂತುಬಿಟ್ಟಳು. ಒಬ್ಬ ಮುದುಕ ಹಾಸಿಗೆ ಹಿಡಿದಿರಬಹುದು, ಇನ್ನೂ ಏನಾದರೂ ಆಗಿರಬಹುದು. ತಾನು ಮಾತ್ರ ತನ್ನ ಸಾಲನ್ನು ಯಾರು ಯಾರು ಓದಿದರು ಎಂದು ಲೆಕ್ಕ ಹಾಕುತ್ತಿದ್ದಳು. ಹಣ್ಣಿನ ಗಾಡಿಯವನು, "ಬಾಯಿ, ಸರೀರಿ" ಎಂದ. ಸರಿದಳು.

ಗುರುಗಳ ಮನೆಯ ಬಾಗಿಲು ತೆಗೆದವಳು ಸೊಸೆ ಪ್ರಣಿತಾ ಇರಬೇಕು. ಅವಳ ಹೆಸರು ಗುರುಗಳ ಸಂದೇಶಗಳಲ್ಲಿ ಬಂದುಹೋಗಿತ್ತು. ಕೈಗೆ ಕಡಲೆಹಿಟ್ಟು ಮೆತ್ತಿತ್ತು.

"ಯಾರ್ರಿ?"

"ಬಸವಕಲ್ಯಾಣದಿಂದ ಬಂದೀನ್ರಿ. ಮನೀಷಾ ಅಂತ. ಗುರುಗಳು ಹುಷಾರದಾರ್ರೀ?"

"ಅಯ್ಯ, ನೀವೇ ಏನ್ರಿ! ದಿನಾ ಸಂಜಿಕೆ ನಮ್ಮ ಮಾವನವರ ಚಾ ಆರಸೋರು?" ಪ್ರಣಿತಾ ಬಾಯಿ ತುಂಬ ನಕ್ಕಳು. "ನಾ ಕಪ್ ಇಟ್ಟು ಬರೋದು, ಅವರು ಆ ಡಬ್ಬಿ ಮುಂದ ಕುಂಡ್ರೋದು, ಮ್ಯಾಲ ಕೆನಿ ಕಟ್ಟೋದು. ಬರ್ರಿ ಒಳಗ. ಅವರಿಗೇನಾಗ್ಯದ, ಗಟ್ಟಿ ಅದಾರ. ಮಾವಾರೇ, ನಿಮ್ಮ ಬಸವಕಲ್ಯಾಣ ಬಂದದ ನೋಡ್ರಿ!"

ಬಸವಣಪ್ಪ ಬನಿಯನ್ನಿನಲ್ಲಿದ್ದವರು ಗಡಬಡಿಸಿ ಎದ್ದು ಗೂಟದ ಮೇಲಿನ ಅಂಗಿಗೆ ಕೈ ಹಾಕಿದರು. ಒಂದು ತೋಳು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಪೊಲೀಸ್ ವಾಯರ್‌ಲೆಸ್ಸಿನಲ್ಲಿ ದುಡಿದು ನಿವೃತ್ತರಾದವರು. ಅವಳ ಶಾಲೆಯ ವಿಜ್ಞಾನ ದಿನಕ್ಕೆ ಒಂದು ಪೆಟ್ಟಿಗೆ ಹಿಡಿದು ಬಂದಿದ್ದಾಗ ಇಸ್ತ್ರಿ ಮಾಡಿದ ಸಫಾರಿ ತೊಟ್ಟು, ಮಾತಿಗೊಮ್ಮೆ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಮಕ್ಕಳು ಕಿಸಿಕಿಸಿ ನಕ್ಕಾಗ ಅವಳನ್ನೇ ಕರೆದು, ಟೀಚರ್, ನೀವೇ ಒಂದು ಶಬ್ದ ಒತ್ತರಿ ಎಂದಿದ್ದರು. ಏನು ಒತ್ತಿದ್ದಳೋ ನೆನಪಿಲ್ಲ. ಸಂದೇಶ ಹೋಗಿ ಗುರುತು ಬಂದಾಗ, ನೋಡ್ರಿ, ಈ ಜಗತ್ತಿನ್ಯಾಗ ನೀವು ಹೇಳಿದ್ದು ಮುಟ್ಟೇದ ಅಂತ ಯಾರ ಹೇಳತಾರ್ರಿ, ಇದು ಹೇಳತದ ಎಂದಿದ್ದರು. ಆ ಮಾತಿಗಾಗಿ ಅವಳು ನಲವತ್ತು ದಾಟಿದ ಮೇಲೆ ಪರೀಕ್ಷೆ ಕಟ್ಟಿ ಲೈಸೆನ್ಸು ತೆಗೆದಿದ್ದಳು. ಈ ಬನಿಯನ್ನಿನ ಮನುಷ್ಯ ಆ ದಿನದ ಸಫಾರಿಯವರಿಗಿಂತ ಗಿಡ್ಡ. ಗಲ್ಲದ ಮೇಲೆ ಬಿಳಿ ಕೂಳೆ. ಇವರಿಲ್ಲದೆ ತನಗೆ ಸಂಜೆ ಸರಿಯುವುದಿಲ್ಲವೇ? ಅವಳಿಗೆ ನಿರಾಸೆಯಾಯಿತು, ಆದದ್ದಕ್ಕೆ ನಾಚಿಕೆಯಾಯಿತು.

ಆಗ ಅವರ ಹಿಂದೆ ಜರ್ರ್ ಎಂದಿತು. ಮೂಲೆಯ ಮೇಜಿನ ಮೇಲೆ ಪರದೆ ಬೆಳಗುತ್ತಿತ್ತು, ಅವಳ ಸಾಲು ಒಂದರ ಕೆಳಗೆ ಒಂದು, ಮೇಲಿನಿಂದ ಕೆಳಗಿನ ತನಕ, ಗೋಡೆಗೆ ತಟ್ಟಿದ ಸಗಣಿ ಕುಳ್ಳಿನ ಹಾಗೆ. ಈಗ ಇನ್ನೊಂದು ಬಂದು ಕೂತಿತು.

"ಬರಾಕತ್ತದ್ರಿ ಬಾಯಿ" ಎಂದರು ಬಸವಣಪ್ಪ, ಪರದೆಯ ಕಡೆ ನೋಡದೆ. "ನಮ್ಮದು ಪ್ರತಿ ಸಲಾ ಮುಟ್ಟಿತು ಅಂತ ಹೇಳಾಕತ್ತದ. ಹೊರಗ ಹೋಗವಲ್ದು. ರೇಡಿಯೋದ ಗುಂಡಿ ಒತ್ತೋ ವಾಯರು ಹರದದ. ಕೇಳಸತದ, ಹೇಳಾಕ ಆಗವಲ್ದು."

"ರಿಪೇರಿ ಮಾಡ್ಲಿಲ್ರಿ?"

"ಕಣ್ಣಿಗೆ ಪೊರಿ ಬಂದದ. ಕೈ ನಡಗತಾವ. ಕೂದಲಿನಂಥಾ ವಾಯರು." ಅವರು ನಕ್ಕರು. "ಸಂಘಪಾಲನ ಕರೀಬೇಕಂದೆ. ಅವ ಬಂದು, ಗುರುಗಳು ಮುದುಕ ಆದರು ಅಂತ ಎಲ್ಲಾರಿಗೂ ಮೆಸೇಜ್ ಬಿಡತಾನ."

ಅಡುಗೆಮನೆಯಲ್ಲಿ ಎಣ್ಣೆ ಚುರ್ ಎಂದಿತು. ಮನೀಷಾ ತಗ್ಗಿದ ದನಿಯಲ್ಲಿ, "ಒಂದು ಫೋನ್ ಮಾಡಬೇಕಾಗಿತ್ತಲ್ರಿ" ಎಂದಳು. ಕೇಳಬೇಕೆಂದುಕೊಂಡದ್ದಕ್ಕಿಂತ ಅದು ಹೆಚ್ಚು ಕಟುವಾಗಿ ಬಂತು. "ಮುಂಜಾನಿಂದ ನೋಡಾಕತ್ತೀರಿ. ಊರ ಮಂದಿಯೆಲ್ಲಾ ಓದಾಕತ್ತಾರ. ಬಂದ್ ಮಾಡವಾ ಅಂತ ಒಂದು ಮಾತು ಹೇಳಬೇಕಾಗಿತ್ತಲ್ರಿ."

"ಹೇಳಬೇಕಾಗಿತ್ತು." ಅವರು ಅಂಗಿಯ ಗುಂಡಿ ಹಾಕುತ್ತ ಹೋದರು. ಒಂದು ಮನೆ ತಪ್ಪಿತ್ತು, ಅಂಗಿ ಒಂದು ಕಡೆ ಜೋತಿತ್ತು. "ಫೋನು ಕೈಯಾಗ ಹಿಡಕೊಂಡಿದ್ದೆ. ಹೇಳಿದ್ರ ನಿಂತು ಹೋಗತಿತ್ತಲ್ರಿ."

ಅವಳು ಅವರ ಮುಖ ನೋಡಿದಳು. ಅವರು ಗುಂಡಿಗಳನ್ನೇ ನೋಡುತ್ತಿದ್ದರು. ತಾನು ಕೇಳಿಸಿಕೊಂಡದ್ದನ್ನೇ ಅವರು ಹೇಳಿದರೇ? ಅವಳಿಗೆ ಅಲ್ಲಿಂದ ಓಡಬೇಕೆನ್ನಿಸಿತು. ಅದೇ ಹೊತ್ತಿಗೆ ಆ ಓರೆಯಾದ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಬೇಕೆನ್ನಿಸಿತು. ಎರಡನ್ನೂ ಮಾಡದೆ, "ಸಾಲ್ಡರ್ ಎಲ್ಲದ್ರಿ?" ಎಂದಳು.

ಬೆಸುಗೆ ಹಾಕುವ ಸಾಲ್ಡರಿನ ಕಾದ ತುದಿಗೆ ರಾಳದ ಹೊಗೆ ಎದ್ದಿತು. ವಾಯರಿನ ಒಂದು ತುದಿಯನ್ನು ಅವರು ಚಿಮಟಿಗೆಯಲ್ಲಿ ಹಿಡಿದರು, ಚಿಮಟಿಗೆ ನಡುಗುತ್ತಿತ್ತು. "ನಡಗಬ್ಯಾಡ್ರಿ" ಎಂದಳು. "ನಾ ಎಲ್ಲಿ ನಡಗಾಕತ್ತೇನ್ರಿ, ಅದು ತಾನೇ ನಡಗತದ" ಎಂದರು. ಮನೀಷಾಳಿಗೆ ನಗು ಬಂತು. ನಕ್ಕದ್ದು ಪ್ರಣಿತಾಳಿಗೆ ಕೇಳಿಸಿತೇನೋ ಎಂದು ಬಾಯಿ ಮುಚ್ಚಿದಳು. ಅವರ ಉಸಿರು ಅವಳ ಮಣಿಕಟ್ಟಿಗೆ ತಾಗುವಷ್ಟು ಹತ್ತಿರವಿತ್ತು. ಇಷ್ಟು ವರ್ಷ ಮೂವತ್ತು ಚಿಲ್ಲರೆ ಕಿಲೋಮೀಟರು ದೂರದಿಂದ ಮಾತಾಡಿದವರ ನಡುವೆ ಈಗ ಒಂದು ವಾಯರಿನಷ್ಟು ಜಾಗವಿತ್ತು. ಸೀಸ ಕರಗಿ ಬೆಳ್ಳಿಯ ಹನಿಯಾಗಿ ನಿಂತು, ಮಂಕಾಯಿತು.

ಆಮೇಲೆ ಕಾದರು. ಪ್ರಣಿತಾ ಮಿರ್ಚಿ ಭಜಿ ತಂದಿಟ್ಟು, "ತಿನ್ರಿ ಅಕ್ಕಾರೇ, ಆರತಾವ ಮತ್ತ. ಈ ಮನ್ಯಾಗ ಎಲ್ಲಾ ಆರೇ ತಿನ್ನೋದು" ಎಂದಳು. ಮನೀಷಾ ಭಜಿ ಮುರಿದಳು, ತಿನ್ನಲಿಲ್ಲ. ಬಸವಕಲ್ಯಾಣದ ಮಾಳಿಗೆಯಲ್ಲಿ ಅವಳ ಮಷೀನು ಕೊನೆಯ ಸಲ ಉಸಿರು ತೆಗೆಯುತ್ತಿತ್ತು. ಅದರ ಪಕ್ಕದ ಮಂಚದ ಮೇಲೆ ಈ ಹೊತ್ತಿಗೆ ಅಶೋಕಕುಮಾರ ಮಲಗಿರುತ್ತಾನೆ. ಎಚ್ಚರಿದ್ದಾನೋ? ಜರ್ರ್ ಎಂದು ಅವಳ ಮಾತು ಬಂತು, ಅದೇ ಮಾತು. ಅದರ ಹಿಂದೆಯೇ ಬಸವಣಪ್ಪನವರ ರೇಡಿಯೋದ ಕೆಂಪು ದೀಪ ಹತ್ತಿ ಆರಿತು. ಗುರುತು ಹೋಯಿತು.

ಮುಂದಿನದು ಬರಲಿಲ್ಲ. ಬರುವ ಹೊತ್ತು ಕಳೆದ ಮೇಲೂ ಇಬ್ಬರೂ ಪರದೆ ನೋಡುತ್ತಲೇ ಇದ್ದರು.

"ನಿಂತಿತ್ರಿ" ಎಂದರು ಅವರು. ಆ ದನಿಯಲ್ಲಿ ಏನಿತ್ತು ಎಂದು ಅವಳಿಗೆ ಬಿಡಿಸಲಾಗಲಿಲ್ಲ. ಅವಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಅವರು ಕೀಲಿಮಣೆಯ ಮೇಲೆ ಬಾಗಿ, ಕಣ್ಣು ಕಿರಿದು ಮಾಡಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. "ಉತ್ತರ ಬರಿಯಾಕತ್ತೇನ್ರಿ ಬಾಯಿ. ಮನಿಗೆ ಹೋಗಿ ನೋಡ್ರಿ" ಎಂದರು.

ಮನೆಗೆ. ಅಂದರೆ ಆ ಉತ್ತರ ಅವಳಿಗಿಂತ ಮೊದಲೇ ಮನೆಗೆ ಹೋಗಿ, ಗಂಡನ ಮಂಚದ ಪಕ್ಕದಲ್ಲಿ, ಬೆಳಗುತ್ತ ಕೂತಿದೆ. ತರಬೇತಿಗೆ ಮರಳದೆ ಅವಳು ಬಸ್ಸು ಹತ್ತಿದಳು. ಫೋನಿನಲ್ಲೇ ನೋಡಬಹುದಿತ್ತು, ಈ ಸಂದೇಶಗಳನ್ನೆಲ್ಲ ತೋರಿಸುವ ತಾಣವಿದೆ. ಪರ್ಸಿನೊಳಗೆ ಕೈ ಹಾಕಿ ಫೋನನ್ನು ಮುಟ್ಟಿ ಮುಟ್ಟಿ ಬಿಟ್ಟಳು. ರಾಜೇಶ್ವರ ಬಂತು. ಅಜ್ಜಿಯೊಬ್ಬಳು ಹತ್ತಿ ಅವಳ ತೊಡೆಯ ಮೇಲೆ ತನ್ನ ಗಂಟಿನ ಅರ್ಧ ಇಟ್ಟು ಕೂತಳು. ಅವರೇನು ಬರೆದಿರಬಹುದು? ನನಗೂ ಎಂದು ಬರೆದಿದ್ದರೆ? ಆ ಶಬ್ದ ಮನಸ್ಸಿಗೆ ಬಂದಾಗ ಅವಳು ಹೆದರಿದಳು. ಬರೆದಿರಲಾರರು ಎಂದುಕೊಂಡಾಗ ಇನ್ನೊಂದು ಥರ ಹೆದರಿದಳು. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹೆದ್ದಾರಿ ಬಿಟ್ಟು ಊರ ಕಡೆ ತಿರುಗಿತು. ತನಗೆ ಬೇಕಾದದ್ದಾದರೂ ಏನು? ಆ ಮುದುಕನೇ? ಅಲ್ಲ. ಆ ಮುದುಕನ ನಡುಗುವ ಕೈಯೇ? ಅದೂ ಅಲ್ಲ. ಸಂಜೆಗೊಂದು ಸಾಲು ಬರೆದರೆ ಯಾವನೋ ಒಬ್ಬ ಅದನ್ನು ಪೂರ್ತಿ ಓದುತ್ತಾನೆ ಎಂಬುದು. ಮನೆಯಲ್ಲಿ ಗಂಡ ಅವಳ ಮಾತಿಗೆಲ್ಲ ಹೂಂ ಎನ್ನುತ್ತಾನೆ. ಹೂಂ ಎನ್ನುವುದೂ ಗುರುತೇ. ಮಷೀನು ಕಳಿಸುವ ಗುರುತು. ಹೀಗೆ ಯೋಚಿಸಿದ್ದು ಬಹಳ ಜಾಣತನದ್ದು ಎನ್ನಿಸಿ ಅವಳಿಗೆ ತನ್ನ ಮೇಲೆಯೇ ಬೇಸರವಾಯಿತು. ಅವನು ಎಳೆಸಿಕೊಟ್ಟ ವಾಯರು ನೆನಪಾಯಿತು, ಜಜ್ಜಿದ ಬೆರಳು ನೆನಪಾಯಿತು. ಆ ಉಗುರು ಕಪ್ಪಾಗಿ ಬಹಳ ದಿನ ಇತ್ತು.

ಮಾಳಿಗೆ ಹತ್ತಿದಾಗ ಅಶೋಕಕುಮಾರ ಮಂಚದ ಮೇಲೆ ಕೂತಿದ್ದ. ಅಂಗಡಿಗೆ ಮರಳಿ ಹೋಗಿರಲಿಲ್ಲ.

"ಬಂದಿ? ಟ್ರೇನಿಂಗ್ ಲಗೂನ ಬಿಟ್ಟರೇನು?"

"ತಲಿ ನೋಯಾಕತ್ತಿತ್ತು. ಬಂದೆ."

"ಇದು ಏನ್ ಹರೀತು, ಏನ್ ಹರೀತು! ಕಣ್ಣಿಗೆ ಕಣ್ಣ ಹತ್ತಗೊಡಲಿಲ್ಲ. ಆಮ್ಯಾಲ ಒಮ್ಮೆಲೇ ಸುಮ್ಮನಾತು. ಕೆಟ್ಟಿತೇನು ಅಂತ ಎದ್ದು ನೋಡಿದೆ." ಅವನು ಪರದೆಯ ಕಡೆ ಗದ್ದ ಎತ್ತಿದ. ಅವಳು ನೋಡಿದಳು.

ಮೇಲೆ ಅವಳ ಸಾಲು, ಅದರ ಮುಂದೆ ಮುಟ್ಟಿದ ಗುರುತು. ಅದರ ಕೆಳಗೆ ಬಸವಣಪ್ಪನವರದು. ಟೆಸ್ಟ್ ಮೆಸೇಜ್ ಮುಟ್ಟಿತು. ವಾಯರ್ ಸರಿ ಆತು. ಎಲ್ಲರಿಗೂ ತೊಂದರಿ ಆತು, ಮಾಫಿ ಇರಲಿ.

ಟೆಸ್ಟ್. ಅವಳು ಅದನ್ನು ಓದಿದಳು, ಮತ್ತೆ ಓದಿದಳು. ಬೀದರಿನವರು ಓದುತ್ತಾರೆ, ಸಂಘಪಾಲ ಸರ್ ಓದುತ್ತಾರೆ, ಓಹೋ ಎನ್ನುತ್ತಾರೆ. ಒಂದು ಶಬ್ದದಿಂದ ಆ ಮನುಷ್ಯ ಬೆಳಗಿನಿಂದ ಬಯಲಲ್ಲಿ ಬಿದ್ದಿದ್ದ ಅವಳ ಮಾನವನ್ನು ಎತ್ತಿ, ಮಡಚಿ, ಅವಳ ಕೈಗೆ ಕೊಟ್ಟಿದ್ದರು. ಮೋಡದ ಸುದ್ದಿಗೂ ತೊಗರಿಯ ಸುದ್ದಿಗೂ ಸಿಕ್ಕ ಉತ್ತರ ಆ ಸಾಲಿಗೆ ಮಾತ್ರ ಸಿಕ್ಕಿರಲಿಲ್ಲ. ಅವಳ ಎದೆ ಹಗುರಾಯಿತು. ಹಗುರಾದ ಜಾಗದಲ್ಲಿ ಏನೂ ಇರಲಿಲ್ಲ.

"ಟೆಸ್ಟೇನು?" ಎಂದ ಅಶೋಕಕುಮಾರ.

"ಹೌದ್ರಿ."

"ಟೆಸ್ಟಿಗೆ ಇಂಥಾವೆಲ್ಲಾ ಬರೀತಾರೇನು?"

"ಏನರೆ ಬರೀತಾರ್ರಿ."

ಅವನು ನಗಲು ನೋಡಿದ. "ನಾ ಏನೋ ಅಂದ್ಕೊಂಡಿದ್ದೆ" ಎಂದು ಎದ್ದು, ಲುಂಗಿ ಬಿಗಿದು, ಅವಳ ಪಕ್ಕದಿಂದ ದಾಟಿ ಮೆಟ್ಟಿಲಿಳಿದ. ದಾಟುವಾಗ ಅವನ ಭುಜ ತಾಗದ ಹಾಗೆ ಸರಿದುಕೊಂಡದ್ದು ಅವಳೋ ಅವನೋ ತಿಳಿಯಲಿಲ್ಲ. ಏನು ಅಂದುಕೊಂಡಿದ್ದಿರಿ ಎಂದು ಕೇಳಬೇಕಿತ್ತು. ಎಷ್ಟು ಹೊತ್ತಿನಿಂದ ಇಲ್ಲಿ ಕೂತಿದ್ದಿರಿ ಎಂದೂ.

ಮನೀಷಾ ಕುರ್ಚಿ ಎಳೆದು ಕೂತಳು. ಮುಟ್ಟುವ ತನಕ ಬಿಡಬೇಡ ಎಂಬ ಚೌಕದ ಗೀಟು ಮೊದಲು ಅಳಿಸಿದಳು. ಒಂದೇ ಸಲ ಎಂದು ಇಟ್ಟಳು. ಕಿಟಕಿಯ ಹೊರಗೆ ಬಿಸಿಲು ಹಳದಿಗೆ ತಿರುಗಿತ್ತು. ದಿನಾ ಬರೆಯುವ ಹೊತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದಳು: ಅದು ಟೆಸ್ಟ್ ಅಲ್ಲ. ಓದಿಕೊಂಡಳು. ಈ ಸಲ ಬೆರಳಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಗುಂಡಿ ಒತ್ತಿದಳು. ಜರ್ರ್ ಎಂದು ಹರಿದು ಮಾತು ಹೊರಬಿತ್ತು. ಎದುರಿನ ಮಷೀನು ಮುಟ್ಟಿತು ಎನ್ನಲು ಬೇಕಾದಷ್ಟು ಹೊತ್ತನ್ನೂ ಕೊಡದೆ ಅವಳು ಸ್ವಿಚ್ಚು ಆರಿಸಿದಳು.

ಪರದೆ ಕಪ್ಪಾಗಿ ಅದರಲ್ಲಿ ಅವಳ ಮುಖ ಕಂಡಿತು.

"ಮತ್ತೇನು ಹರದಿ?" ಕೆಳಗಿನಿಂದ ಅಶೋಕಕುಮಾರ ಕೇಳಿದ. ದಿನದ ಚೇಷ್ಟೆಯ ಮಾತೇ. ದನಿ ಮಾತ್ರ ಚೇಷ್ಟೆಯದಾಗಿರಲಿಲ್ಲ.

ಮನೀಷಾ ಎದ್ದು ಮೆಟ್ಟಿಲ ತಲೆಯಲ್ಲಿ ನಿಂತಳು. ಇನ್ನೊಂದು ಸಲ ಕೇಳಿದರೆ ಹೇಳಿಬಿಡಬೇಕು ಎಂದುಕೊಂಡಳು. ಕೆಳಗೆ ಅವನ ಚಪ್ಪಲಿಯ ಸದ್ದು ಮೆಟ್ಟಿಲ ಬುಡದ ತನಕ ಬಂದು ನಿಂತಿತು.